ಮಧುಮೇಹಿಗಳ ಬಂಧು ಡಾ. ಫ್ರೆಡರಿಕ್ ಬ್ಯಾಂಟಿಂಗ್

ನವೆಂಬರ್ 14 ನಮಗೆಲ್ಲ ಮಕ್ಕಳ ದಿನಾಚರಣೆ. ಅಂದೇ ವಿಶ್ವ ಮಧುಮೇಹ ದಿನವೂ ಹೌದು. ಏಕೆಂದರೆ ಡಾ. ಬ್ಯಾಂಟಿಂಗ್ ಅವರು ಕೆನಡಾದ ಆಲಿಸ್ಟನ್‌ನ ರೈತ ಕುಟುಂಬದಲ್ಲಿ ಜನಿಸಿದ್ದು 1891ರ ಅದೇ ದಿನ.

ಆಗ ಸಕ್ಕರೆ ಕಾಯಿಲೆ ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸ್ವಲ್ಪ ಕಾಲ ಉಳಿಸಿಕೊಳ್ಳಬಹುದಿತ್ತು, ಅಷ್ಟೇ. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಪ್ರಾಧ್ಯಾಪಕ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ, ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಸಾರ ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಿದಾಗ ಹೆಚ್ಚು ಗುಣ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಸಾರವನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡನು.

ಒಬ್ಬನಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗಬೇಕಲ್ಲ! ವಿಶ್ವವಿದ್ಯಾಲಯದ ಕನಾಟ್ ಪ್ರಯೋಗಾಲಯ ಮತ್ತು ಅಮೆರಿಕದ ಎಲಿ ಲಿಲ್ಲಿ ಕಂಪನಿ ಇನ್ಸುಲಿನ್ನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದೇ ಡಾಲರ್ ಪಡೆದು ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. 1923ರಲ್ಲಿ ಮ್ಯಾಕ್ಲಿಯಾಡ್ ಅವರೊಡನೆ ನೊಬೆಲ್ ಬಂದಾಗ ಬ್ಯಾಂಟಿಂಗ್ ತಮ್ಮ ಪಾಲಿನ ಅರ್ಧ ಹಣವನ್ನು ಬೆಸ್ಟ್‌ಗೆ ನೀಡಿದರು. 1941ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಕಂಡರೆ, ಈ ಪುಣ್ಯಾತ್ಮರನ್ನು ನಾವು ನೆನೆಯೋಣ.