ರಾಘವೇಂದ್ರ ಸ್ವಾಮಿಗಳು

ರಾಘವೇಂದ್ರ ಸ್ವಾಮಿಗಳು 17ನೆಯ ಶತಮಾನದ ಮಾಧ್ವ ಯತಿಗಳು ಹಾಗೂ ದ್ವೈತ ವೇದಾಂತದ ಗ್ರಂಥಕಾರರು. ಇಂದಿನ ತಮಿಳುನಾಡಿನ ಭುವನಗಿರಿಯಲ್ಲಿ ಜನಿಸಿದ ಇವರ ಪೂರ್ವಾಶ್ರಮದ ಹೆಸರು ವೆಂಕಟನಾಥ. ಕುಂಭಕೋಣದಲ್ಲಿ ಸುಧೀಂದ್ರತೀರ್ಥರ ಬಳಿ ವ್ಯಾಸಂಗ ಮಾಡಿ, ಅವರಿಂದಲೇ ಸನ್ಯಾಸದೀಕ್ಷೆ ಪಡೆದು ಮಠದ ಪೀಠವನ್ನೇರಿದರು. ಜಯತೀರ್ಥರ ‘ನ್ಯಾಯಸುಧಾ’ ಗ್ರಂಥಕ್ಕೆ ‘ಪರಿಮಳ’ ಎಂಬ ಟಿಪ್ಪಣಿಯನ್ನು ರಚಿಸಿದರು. 1671ರ ಶ್ರಾವಣ ಬಹುಳ ಬಿದಿಗೆಯಂದು ತುಂಗಭದ್ರಾ ತೀರದ ಮಂತ್ರಾಲಯದಲ್ಲಿ ಸಶರೀರರಾಗಿ ವೃಂದಾವನ ಪ್ರವೇಶಿಸಿದರೆಂಬುದು ಭಕ್ತರ ನಂಬಿಕೆ.

ಬಿಚ್ಚಾಲೆಯ ಶಿಷ್ಯ ಅಪ್ಪಣ್ಣಾಚಾರ್ಯರು ಅಂತಿಮ ದರ್ಶನಕ್ಕಾಗಿ, ಗುರುಸ್ತೋತ್ರವನ್ನು ರಚಿಸಿ ಪಠಿಸುತ್ತಲೇ ತುಂಬಿದ ನದಿಯನ್ನು ದಾಟಿ ಬಂದರು. ಅಷ್ಟರಲ್ಲಿ ವೃಂದಾವನ ಮುಚ್ಚಿತ್ತು. ದುಃಖದಿಂದ ಕಂಠ ಬಿಗಿದು ಸ್ತೋತ್ರ ಅರ್ಧಕ್ಕೆ ನಿಂತಾಗ, ಅದರ ಕೊನೆಯ ಪದಗಳು ವೃಂದಾವನದೊಳಗಿನಿಂದ ಕೇಳಿಬಂದವೆಂಬ ಐತಿಹ್ಯವಿದೆ. ‘ಶ್ರೀ ರಾಘವೇಂದ್ರ ಸ್ತೋತ್ರ’ವೆಂದು ಪ್ರಸಿದ್ಧವಾದ ಈ ಸಂಸ್ಕೃತ ಕೃತಿಯನ್ನು ಭಕ್ತರು ಇಂದಿಗೂ ಗುರುಸ್ಮರಣೆಗಾಗಿ ಪಠಿಸುತ್ತಾರೆ.