ಕಳಲೆ ನಂಜರಾಜಯ್ಯ: ಕಿರೀಟವಿಲ್ಲದ ಅರಸನ ಏಳುಬೀಳು



ಸೆಮಿನರಿಯಲ್ಲಿ ಧರ್ಮಸಭೆಯ ಚರಿತ್ರೆ ಓದುವಾಗ ರೋಮ್ ಸಾಮ್ರಾಜ್ಯದ ಪತನ ನಮಗೊಂದು ದೊಡ್ಡ ಪಾಠವಾಗಿತ್ತು. ಕ್ರಿ.ಶ. 476ರಲ್ಲಿ ಪಶ್ಚಿಮ ರೋಮಿನ ಬಾಲ ಚಕ್ರವರ್ತಿ ರೊಮುಲಸ್ ಅಗಸ್ಟುಲಸ್ ಪದಚ್ಯುತನಾದ ಎಂದು ಬಾಯಿಪಾಠ ಮಾಡಿದ್ದೆವು. ಆದರೆ ಅಧಿಕಾರವು ಸಿಂಹಾಸನದಿಂದ ಜಾರಿದ್ದು ಅದಕ್ಕೂ ಮೊದಲೇ. 456ರಿಂದ 472ರವರೆಗೆ ರಿಸಿಮರ್ ಎಂಬ ಸೇನಾಪತಿ ತನಗೆ ಬೇಕಾದವರನ್ನು ಪಟ್ಟಕ್ಕೇರಿಸಿ, ಬೇಡವಾದಾಗ ಇಳಿಸುತ್ತಿದ್ದ. ರೋಮಿನ ನಂತರ ಬಂದ ಫ್ರಾಂಕರ ರಾಜ್ಯದಲ್ಲೂ ಹೀಗೇ ಆಯಿತು. ಅರಮನೆಯ ಆಡಳಿತ ನೋಡಿಕೊಳ್ಳುತ್ತಿದ್ದ ಪೆಪಿನ್, 751ರಲ್ಲಿ ಹೆಸರಿಗಷ್ಟೇ ಅರಸನಾಗಿದ್ದ ಮೂರನೆಯ ಚಿಲ್ಡೆರಿಕನನ್ನು ಮಠಕ್ಕೆ ಕಳುಹಿಸಿ ತಾನೇ ಅರಸನಾದ.

ಇಂಥದೇ ಒಂದು ಕಥೆ ನಮ್ಮ ಮೈಸೂರು ಸೀಮೆಯಲ್ಲೂ ನಡೆದಿದೆ. ಅದರ ಪರಿಣಾಮ ಘಟ್ಟ ಇಳಿದು ಕರಾವಳಿಯ ನಮ್ಮ ಹಿರಿಯರ ಮನೆಬಾಗಿಲಿಗೂ ಬಂತು.

ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ, ಅದೇ ತಾಲೂಕಿನಲ್ಲಿ, ಗಂಗರ ರಾಜಧಾನಿಯಾಗಿದ್ದ ತಲಕಾಡು ಇದೆ. ಗಂಗರ ನಂತರ ಚೋಳರು, ಚೋಳರ ನಂತರ ಹೊಯ್ಸಳರು, ಆಮೇಲೆ ವಿಜಯನಗರದವರು ಈ ನೆಲವನ್ನು ಆಳಿದರು. ತಲಕಾಡಿನ ದೇಗುಲಗಳ ಮೇಲೆ ಮರಳು ಕವಿಯಿತು. 1565ರಲ್ಲಿ ವಿಜಯನಗರ ಸೋತ ನಂತರ ಅದರ ಉತ್ತರಾಧಿಕಾರಿಗಳಾಗಿ ಬೆಳೆದವರಲ್ಲಿ ಮೈಸೂರಿನ ಒಡೆಯರೂ ಸೇರಿದ್ದಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು.

ಈ ಒಡೆಯರಿಗೆ ದಳವಾಯಿಗಳನ್ನು, ಅಂದರೆ ಸೇನಾಧಿಪತಿಗಳನ್ನು, ಬಹುಮಟ್ಟಿಗೆ ಕೊಡುತ್ತಿದ್ದುದು ನಂಜನಗೂಡಿನ ಹತ್ತಿರದ ಕಳಲೆಯ ಮನೆತನ. ಎರಡೂ ಮನೆತನಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವೂ ಇತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಈ ಸೇವಕರೇ ಯಜಮಾನರಾದರು. ತಮ್ಮನ್ನು ಹದ್ದಿನಲ್ಲಿಡಲು ನೋಡಿದ ಚಾಮರಾಜ ಒಡೆಯರನ್ನು 1734ರಲ್ಲಿ ಸೆರೆಗೆ ಕಳುಹಿಸಿ, ಬಾಲಕ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕೂರಿಸಿದರು. ಆಗ ದಳವಾಯಿ ದೇವರಾಜಯ್ಯನದೇ ಮಾತು. ಕೆಲವು ವರ್ಷಗಳ ನಂತರ ಅವನ ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿಯಾದ. ತನ್ನ ಮಗಳನ್ನು ಅರಸನಿಗೇ ಕೊಟ್ಟು ಮದುವೆ ಮಾಡಿದ.

ನಂಜರಾಜಯ್ಯ ಬರೀ ಕತ್ತಿ ಹಿಡಿದವನಲ್ಲ. ನಂಜುಂಡೇಶ್ವರನ ಭಕ್ತನಾಗಿದ್ದ ಆತ ಕನ್ನಡದಲ್ಲೂ ಸಂಸ್ಕೃತದಲ್ಲೂ ಕೃತಿಗಳನ್ನು ರಚಿಸಿದ. ಕನ್ನಡದ ಕಕುದ್ಗಿರಿ ಮಾಹಾತ್ಮ್ಯ, ಸಂಸ್ಕೃತದ ಸಂಗೀತ ಗಂಗಾಧರ ಅವನವು. ನರಸಿಂಹಕವಿ ಅವನ ಹೆಸರಿನಲ್ಲೇ ನಂಜರಾಜಯಶೋಭೂಷಣವೆಂಬ ಅಲಂಕಾರ ಗ್ರಂಥ ಬರೆದ. ಭಕ್ತಿ, ವಿದ್ಯೆ, ಶೌರ್ಯ ಮೂರೂ ಇದ್ದ ಮನುಷ್ಯ ಬಿದ್ದದ್ದು ಹೇಗೆ? ನಾವು ಯೋಚಿಸಬೇಕಾದ ಪ್ರಶ್ನೆ ಇದು.

ಮೊದಲ ಕಾರಣ ದುರಾಸೆ. ಆರ್ಕಾಟಿನ ನವಾಬಗಿರಿಗಾಗಿ ಮಹಮ್ಮದ್ ಅಲಿ ಮತ್ತು ಚಂದಾ ಸಾಹೇಬ್ ಹೊಡೆದಾಡುತ್ತಿದ್ದ ಕಾಲವದು. ಸಹಾಯ ಮಾಡಿದರೆ ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಮಹಮ್ಮದ್ ಅಲಿ ಆಸೆ ತೋರಿಸಿದ. ಅಣ್ಣ ದೇವರಾಜಯ್ಯನಿಗೆ ಇದು ಹಿಡಿಸಲಿಲ್ಲ. ತಮ್ಮ ಕೇಳಲಿಲ್ಲ. 1752ರಲ್ಲಿ ದೊಡ್ಡ ಸೈನ್ಯದೊಂದಿಗೆ ಹೋದ. ಅದೇ ವರ್ಷ ಚಂದಾ ಸಾಹೇಬ್ ಹತನಾದ. ಆದರೆ ಕೊಟ್ಟ ಮಾತು ನಡೆಯಲಿಲ್ಲ. ನಂಜರಾಜಯ್ಯ ಮೂರು ವರ್ಷ ಕೋಟೆಯ ಮುಂದೆ ಕಾದು, ಬೊಕ್ಕಸ ಬರಿದುಮಾಡಿ, 1755ರಲ್ಲಿ ಬರಿಗೈಯಲ್ಲಿ ಮರಳಿದ. ಅಷ್ಟರಲ್ಲಿ ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯೊಂದಿಗೆ ಶ್ರೀರಂಗಪಟ್ಟಣಕ್ಕೆ ಬಂದು 56 ಲಕ್ಷ ರೂಪಾಯಿ ಕಪ್ಪಕ್ಕೆ ಪಟ್ಟುಹಿಡಿದಿದ್ದ. ಅದನ್ನು ಹೊಂದಿಸಲು ದೇವಾಲಯಗಳ ಒಡವೆಗಳಿಗೂ ಕೈಹಾಕಬೇಕಾಯಿತು.

ಎರಡನೆಯ ಕಾರಣ ದರ್ಪ. ಪ್ರಾಯಕ್ಕೆ ಬಂದ ಅರಸ 1756ರಲ್ಲಿ ಸ್ವತಂತ್ರನಾಗಲು ಹವಣಿಸಿದಾಗ, ನಂಜರಾಜಯ್ಯ ಅರಮನೆಯ ಮೇಲೆಯೇ ಫಿರಂಗಿ ಹಾರಿಸಿದ. ಒಳಗಿದ್ದುದು ತನ್ನ ಒಡೆಯ, ತನ್ನ ಅಳಿಯ. ಮನನೊಂದ ಅಣ್ಣ ರಾಜಧಾನಿಯನ್ನೇ ಬಿಟ್ಟು ಸತ್ಯಮಂಗಲಕ್ಕೆ ಹೋದ. ಮರುವರ್ಷ ಮರಾಠರು ಬಂದರು, ಮತ್ತೆ ಕಪ್ಪ. 1758ರಲ್ಲಿ ಸಂಬಳ ಸಿಗದ ಸಿಪಾಯಿಗಳು ನಂಜರಾಜಯ್ಯನ ಮನೆಬಾಗಿಲಲ್ಲೇ ಧರಣಿ ಕೂತರು. ಅಣ್ಣತಮ್ಮಂದಿರು ರಾಜಿಯಾದರೂ ದೇವರಾಜಯ್ಯ ಅದೇ ವರ್ಷ ತೀರಿಕೊಂಡ.

ಆ ಸಿಪಾಯಿಗಳನ್ನು ಸಮಾಧಾನಪಡಿಸಿ ಸಂಬಳ ಹೊಂದಿಸಿದವನು ಹೈದರ್ ಅಲಿ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಈತನ ಧೈರ್ಯ ಕಂಡು ಮೇಲಕ್ಕೆತ್ತಿದವನು ನಂಜರಾಜಯ್ಯನೇ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಹೈದರ್, ಅಲ್ಲಿ ಹಣವನ್ನೂ ಜನರನ್ನೂ ಕೂಡಿಸಿಕೊಂಡ. ಅರಸನನ್ನು ಬದಿಗೆ ಸರಿಸಿ ರಾಜ್ಯ ನಡೆಸುವುದು ಹೇಗೆಂಬುದನ್ನು ಅವನು ಕಲಿತದ್ದು ಕಳಲೆಯವರನ್ನು ನೋಡಿಯೇ. 1759ರಲ್ಲಿ ಸಂಬಳದ ಗಲಾಟೆ ಮತ್ತೆ ಎದ್ದಾಗ ನಂಜರಾಜಯ್ಯ ಅಧಿಕಾರ ಬಿಟ್ಟು ಹೋಗಬೇಕಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1760ರಲ್ಲಿ ಹೈದರನ ಆಪ್ತನಾಗಿದ್ದ ಖಂಡೇರಾಯ ಅರಮನೆಯ ಪಕ್ಷ ಸೇರಿ ತಿರುಗಿಬಿದ್ದ. ಮರುವರ್ಷ ನಂಜನಗೂಡಿನ ಬಳಿ ನಡೆದ ಕಾಳಗದಲ್ಲಿ ಹೈದರ್ ಸೋತ. ಬೇರೆ ದಾರಿ ಕಾಣದೆ, ಮೈಸೂರಿನ ಪಶ್ಚಿಮಕ್ಕೆ ಜಹಗೀರಿನಲ್ಲಿದ್ದ ನಂಜರಾಜಯ್ಯನ ಬಳಿಗೆ ಹೋಗಿ ಕಾಲಿಗೆ ಬಿದ್ದ. ಮುದುಕ ಕ್ಷಮಿಸಿದ. ತನ್ನ ಜನರನ್ನೂ ತನ್ನ ಹೆಸರಿನ ಬಲವನ್ನೂ ಕೊಟ್ಟ. ಅದು ಕರುಣೆಯೋ, ಕಳೆದುಕೊಂಡ ಪದವಿಯ ಆಸೆಯೋ? ಎರಡೂ ಬೆರೆತಿತ್ತೆಂದೇ ನಮಗೆ ತೋರುತ್ತದೆ. ಹೈದರ್ ಅದೇ ಹೆಸರಿನಲ್ಲಿ ಸುಳ್ಳು ಪತ್ರಗಳನ್ನು ಬರೆಸಿ, ಅವು ಖಂಡೇರಾಯನ ಕೈಗೆ ಸಿಗುವಂತೆ ಮಾಡಿದ. ತನ್ನ ಸರದಾರರೇ ದ್ರೋಹಿಗಳೆಂದು ಹೆದರಿ ಖಂಡೇರಾಯ ಓಡಿದ. 1761ರಲ್ಲಿ ಮೈಸೂರು ಹೈದರನದಾಯಿತು. ಆಶ್ರಯ ಕೊಟ್ಟವನಿಗೆ ಪದವಿ ಸಿಗಲಿಲ್ಲ. ಮುಂದೆ ಶತ್ರುಗಳೊಂದಿಗೆ ಸಂಪರ್ಕವಿದೆಯೆಂಬ ಸಂಶಯದಿಂದ ಹೈದರ್ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿ ಬಂಧನದಲ್ಲಿಟ್ಟ. ನಂಜರಾಜಯ್ಯ 1773ರಲ್ಲಿ ಅಲ್ಲೇ ಕೊನೆಯುಸಿರೆಳೆದ.

ಹೈದರ್ 1763ರಲ್ಲಿ ಬಿದನೂರನ್ನು ಗೆದ್ದಾಗ ಮಂಗಳೂರೂ ಅವನ ಕೈಸೇರಿತು. ಅವನ ಮಗ ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಿನ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಬದುಕುಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಇದಕ್ಕೆಲ್ಲ ನಂಜರಾಜಯ್ಯನೊಬ್ಬನೇ ಕಾರಣವೆನ್ನುವುದು ನ್ಯಾಯವಲ್ಲ. ಆದರೆ ದೂರದ ಕೋಟೆಯೊಂದರಲ್ಲಿ ನಡೆದ ಅಧಿಕಾರದ ಜಗಳಕ್ಕೆ, ಅದರ ಸುದ್ದಿಯೂ ಗೊತ್ತಿಲ್ಲದ ರೈತರು, ಮೀನುಗಾರರು ಬೆಲೆ ತೆರುತ್ತಾರೆ ಎಂಬುದಂತೂ ನಿಜ.

ಪ್ರಿಯ ಬಂಧುಗಳೇ, ನಮಗೆ ರಾಜ್ಯಗಳಿಲ್ಲ. ಆದರೆ ಧರ್ಮಕೇಂದ್ರದಲ್ಲಿ, ಪಾಲನಾ ಪರಿಷತ್ತಿನಲ್ಲಿ, ಸಂಘದಲ್ಲಿ ಯಾರೋ ನಂಬಿ ಒಪ್ಪಿಸಿದ ಕೀಲಿಕೈ ನಮ್ಮಲ್ಲಿ ಅನೇಕರ ಕೈಯಲ್ಲಿದೆ. ಅದು ನಮ್ಮದೇ ಎಂದುಕೊಂಡರೆ, ಮುಂದೆ ಬರುವವರಿಗೂ ನಾವು ಅದನ್ನೇ ಕಲಿಸಿದಂತೆ. ನಂಜನಗೂಡಿಗೋ ತಲಕಾಡಿಗೋ ಹೋಗುವ ಅವಕಾಶ ಸಿಕ್ಕಿದರೆ, ದಾರಿಯಲ್ಲಿ ಕಳಲೆಯನ್ನೂ ಒಮ್ಮೆ ನೋಡಿ ಬನ್ನಿ.