ಬುಗಾಟಿ ಕಾರಿಗೆ ಮನಸೋತಿದ್ದ ಜೆಆರ್‌ಡಿ ಟಾಟಾ: ಪುಣೆಯಲ್ಲಿ ಕಟ್ಟಿದ್ದು ಮಾತ್ರ ಲಾರಿ ಕಾರ್ಖಾನೆ!

ಪುಣೆ ಸಮೀಪದ ಪಿಂಪ್ರಿ-ಚಿಂಚ್‌ವಾಡ ಎಂದಾಕ್ಷಣ ಕಣ್ಮುಂದೆ ಬರುವುದು ಟಾಟಾ ಲಾರಿಗಳು. ಈ ಕಾರ್ಖಾನೆ ತಲೆ ಎತ್ತಿದಾಗ ಟಾಟಾ ಸಮೂಹದ ಚುಕ್ಕಾಣಿ ಹಿಡಿದಿದ್ದವರು ಜೆಆರ್‌ಡಿ ಟಾಟಾ. ಯೌವನದಲ್ಲಿ ಅವರ ಬಳಿ ಇದ್ದದ್ದು ಫ್ರಾನ್ಸ್‌ನ ದುಬಾರಿ ಬುಗಾಟಿ ಸ್ಪೋರ್ಟ್ಸ್ ಕಾರು!

ಜೆಆರ್‌ಡಿ ಹುಟ್ಟಿದ್ದು 1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ. ತಂದೆ ಆರ್.ಡಿ. ಟಾಟಾ, ತಾಯಿ ಫ್ರಾನ್ಸ್‌ನ ಸುಜಾನ್. ಕೇಂಬ್ರಿಡ್ಜ್‌ನಲ್ಲಿ ಎಂಜಿನಿಯರಿಂಗ್ ಓದಬೇಕೆಂಬ ಆಸೆ ಅವರಿಗಿತ್ತು. ಆದರೆ 1925ರಲ್ಲಿ ತಂದೆ ಭಾರತಕ್ಕೆ ಕರೆಸಿಕೊಂಡರು. ಮರುವರ್ಷವೇ ತಂದೆ ತೀರಿಕೊಂಡರು. 22ರ ವಯಸ್ಸಿಗೇ ಟಾಟಾ ಸನ್ಸ್ ನಿರ್ದೇಶಕ ಸ್ಥಾನ ಹೆಗಲೇರಿತು. ಪದವಿ ಕೈತಪ್ಪಿದ ಕೊರಗು ಕೊನೆವರೆಗೂ ಉಳಿಯಿತು.

ಕಾರು ತಂದ ಕೇಸು, ಕೇಸು ತಂದ ಮದುವೆ

ವೇಗ ಎಂದರೆ ಅವರಿಗೆ ಹುಚ್ಚು. ಬುಗಾಟಿಯನ್ನು ಮುಂಬೈ ರಸ್ತೆಗಳಲ್ಲಿ ಜೋರಾಗಿ ಓಡಿಸಿ ಪೊಲೀಸ್ ಕೇಸು ಹಾಕಿಸಿಕೊಂಡರು. ಅದಕ್ಕಾಗಿ ವಕೀಲ ಜಾಕ್ ವಿಕಾಜಿ ಅವರನ್ನು ಕಾಣಲು ಹೋದಾಗ ಪರಿಚಯವಾದವರೇ ವಕೀಲರ ಸಂಬಂಧಿ ಥೆಲ್ಮಾ. 1930ರಲ್ಲಿ ಇಬ್ಬರ ಮದುವೆಯಾಯಿತು.

ಅಷ್ಟರಲ್ಲಿ ವೇಗದ ಆಸೆ ಆಕಾಶಕ್ಕೂ ಹಾರಿತ್ತು. 1929ರಲ್ಲಿ ಭಾರತದಲ್ಲಿ ನೀಡಲಾದ ಮೊದಲ ಪೈಲಟ್ ಲೈಸೆನ್ಸ್ ಅವರದ್ದಾಯಿತು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಅಂಚೆ ಹೊತ್ತ ವಿಮಾನವನ್ನು ಸ್ವತಃ ಹಾರಿಸಿದರು. ಅದೇ ಅಂಚೆಯನ್ನು ಮುಂಬೈನಿಂದ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಆ ದಾರಿಯಲ್ಲಿ ನಮ್ಮ ಬಳ್ಳಾರಿಯೂ ಒಂದು ನಿಲ್ದಾಣವಾಗಿತ್ತು.

ಕಾರಲ್ಲ, ಲಾರಿ

1938ರಲ್ಲಿ ಟಾಟಾ ಸನ್ಸ್ ಅಧ್ಯಕ್ಷರಾದಾಗ ಜೆಆರ್‌ಡಿಗೆ ಕೇವಲ 34 ವರ್ಷ. 1945ರಲ್ಲಿ ಜಮ್ಶೆಡ್‌ಪುರದಲ್ಲಿ ರೈಲು ಎಂಜಿನ್ ತಯಾರಿಕೆಗಾಗಿ ಟೆಲ್ಕೊ ಹುಟ್ಟಿತು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜತೆ ಕೈಜೋಡಿಸಿತು. ಮರ್ಸಿಡಿಸ್ ಎಂದರೆ ಜಗತ್ತಿಗೆ ಐಷಾರಾಮಿ ಕಾರು. ಭಾರತದಲ್ಲಿ ಆ ನಕ್ಷತ್ರ ಲಾಂಛನ ಓಡಾಡಿದ್ದು ಲಾರಿಗಳ ಮೂತಿಯ ಮೇಲೆ!

ಇದಕ್ಕೆ ಕಾರಣವೂ ಇತ್ತು. ಬುಗಾಟಿಯಂಥ ಕಾರು ಒಬ್ಬಿಬ್ಬರ ಖುಷಿಗೆ. ಬಿಡಿಭಾಗ ಬೇಕೆಂದರೆ ಹಡಗಿನಲ್ಲಿ ಬರಬೇಕು. ಡೀಸೆಲ್ ಲಾರಿ ಹಾಗಲ್ಲ. ಅದು ಧಾನ್ಯ, ಸಿಮೆಂಟ್ ಹೊರುತ್ತದೆ, ಮಾಲೀಕನ ಸಾಲ ತೀರಿಸುತ್ತದೆ, ಹೆದ್ದಾರಿ ಬದಿಯ ಮೆಕ್ಯಾನಿಕ್‌ಗೂ ಬಗ್ಗುತ್ತದೆ. ಅದರ ಮೇಲೆ ಲೈಸೆನ್ಸ್ ರಾಜ್ ಬೇರೆ. ಏನು, ಎಷ್ಟು ತಯಾರಿಸಬೇಕು ಎಂಬುದಕ್ಕೂ ಸರ್ಕಾರದ ಅನುಮತಿ ಬೇಕಿತ್ತು. ಕಾರು ಮಾರುಕಟ್ಟೆ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿತ್ತು.

ಪುಣೆಯ ಅಧ್ಯಾಯ

1966ರಲ್ಲಿ ಟೆಲ್ಕೊ ಪುಣೆಗೆ ಕಾಲಿಟ್ಟಿತು. ಸುಮಂತ್ ಮೂಳ್‌ಗಾಂವ್ಕರ್ ಮುಂದಾಳತ್ವದಲ್ಲಿ ಸ್ವಂತ ವಿನ್ಯಾಸಕ್ಕೆ ಒತ್ತು ಸಿಕ್ಕಿತು. 1969ರಲ್ಲಿ ಜರ್ಮನ್ ಒಪ್ಪಂದ ಮುಗಿಯಿತು. ಇನ್ನು ಸ್ವಂತ ಕಾಲ ಮೇಲೆ ನಿಲ್ಲಲೇಬೇಕಿತ್ತು. 1977ರಲ್ಲಿ ಪುಣೆ ಘಟಕದಿಂದ ಮೊದಲ ವಾಹನ ಹೊರಬಂತು. 1986ರ 407 ಮಿನಿ ಲಾರಿ ಊರೂರು ತಲುಪಿತು.

ಪುಣೆಯ ಈ ಕಥೆಯಲ್ಲಿ ಕನ್ನಡತಿಯೊಬ್ಬರೂ ಇದ್ದಾರೆ. 1974ರಲ್ಲಿ ಮಹಿಳೆಯರು ಅರ್ಜಿ ಹಾಕುವಂತಿಲ್ಲ ಎಂಬ ಟೆಲ್ಕೊ ಜಾಹೀರಾತು ಕಂಡು ಬೆಂಗಳೂರಿನ ಐಐಎಸ್‌ಸಿ ವಿದ್ಯಾರ್ಥಿನಿ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, ಜೆಆರ್‌ಡಿಗೆ ಪೋಸ್ಟ್‌ಕಾರ್ಡ್ ಬರೆದರು. ಪುಣೆಯಲ್ಲಿ ಸಂದರ್ಶನ ನಡೆದು ಕೆಲಸ ಸಿಕ್ಕಿತು.

ಟೆಲ್ಕೊದ ಸಿಯೆರಾ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದೇ ವರ್ಷ ಜೆಆರ್‌ಡಿ ಅಧ್ಯಕ್ಷ ಸ್ಥಾನವನ್ನು ರತನ್ ಟಾಟಾಗೆ ಬಿಟ್ಟುಕೊಟ್ಟರು. 1992ರಲ್ಲಿ ಭಾರತ ರತ್ನ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು. ಪುಣೆಯಲ್ಲೇ ತಯಾರಾದ ಇಂಡಿಕಾ ಕಾರು ಜನರ ಮುಂದೆ ಬಂದದ್ದು 1998ರಲ್ಲಿ. ಅದನ್ನು ನೋಡಲು ಬುಗಾಟಿಯ ಆ ಸವಾರ ಇರಲಿಲ್ಲ.